ಹೆಳವ ಹೇಳದ ಮಾತು

ಸರೋಜಕ್ಕ, ಹೆಳವ ಹಾಗೆ ಹೇಳಿರಲಿಲ್ಲ. ಹೇಳಿದ ಎಂದವನು ನಾನು. ನೀವು ನಮ್ಮ ಪಿಳ್ಳಪ್ಪ ಚಿಕ್ಕಪ್ಪನ ಮಗಳಲ್ಲ, ನಾನು ನಿಮ್ಮ ದೊಡ್ಡಪ್ಪನ ಮಗನೂ ಅಲ್ಲ. ಇದು ನನಗೆ ತಿಳಿದು ನಾಲ್ಕು ವರ್ಷವಾಯಿತು. ತಿಳಿದೂ ನಾಲ್ಕು ವರ್ಷ ನಿಮ್ಮ ಮನೆಗೆ ಬಂದು, ನೀವು ಕೊಟ್ಟ ಕಾಫಿ ಕುಡಿದು, ನೀವು 'ತಮ್ಮಾ' ಎಂದಾಗ 'ಏನಕ್ಕಾ' ಎಂದು ಓಗೊಟ್ಟೆ.

ಇದನ್ನು ನಾನೇ ನಿಮ್ಮ ಮುಂದೆ ಕೂತು ಓದಬೇಕು. ಶಿವಾಜಿನಗರದ ಟೈಲರುಗಳಿಗೆ ನಲವತ್ತು ವರ್ಷ ಕಾಜಾ ಹೊಲಿದ ಕಣ್ಣು ನಿಮ್ಮದು, ಈಗ ಅಕ್ಷರ ಹಿಡಿಯುವುದಿಲ್ಲ. ಓದುವಾಗ ಧೈರ್ಯ ಕೆಟ್ಟು ನಾನು ಏನನ್ನಾದರೂ ಹಾರಿಸಿಬಿಡಬಹುದು — ನನ್ನ ಮೇಲೆ ನನಗೇ ನಂಬಿಕೆಯಿಲ್ಲ — ಅದಕ್ಕೇ ಮೊದಲಿನಿಂದ, ನಿಮಗೆ ಗೊತ್ತಿರುವುದನ್ನೂ ಸೇರಿಸಿ, ಒಂದೊಂದಾಗಿ ಬರೆಯುತ್ತಿದ್ದೇನೆ. ಪಕ್ಕದಲ್ಲಿ ನಿಮ್ಮ ಮಗಳು ಲತಾ ಕೂತಿರಲಿ. ನಾನು ನಿಲ್ಲಿಸಿದರೆ ಅವಳು ಕಿತ್ತುಕೊಂಡು ಓದಲಿ.

ನಾನು ಕಾರ್ಖಾನೆಯಲ್ಲಿ ಡ್ರಾಫ್ಟ್ಸ್‌ಮನ್ ಆಗಿದ್ದವನು. ಮೂವತ್ತನಾಲ್ಕು ವರ್ಷ ಯಂತ್ರದ ಬಿಡಿಭಾಗಗಳ ನಕ್ಷೆ ಬರೆದೆ. ಒಂದು ಗೆರೆ ಎಲ್ಲೂ ಸೇರದೆ ಹಾಗೇ ನಿಂತರೆ ನನಗೆ ಮೈ ಉರಿಯುತ್ತಿತ್ತು, ಕೆಳಗಿನವರನ್ನು ಕರೆದು ಬೈಯುತ್ತಿದ್ದೆ. ನಿವೃತ್ತಿಯಾದ ಮೇಲೆ ಬೈಯಲು ಯಾರೂ ಸಿಗಲಿಲ್ಲ. ಹೊರಮಾವಿನಲ್ಲಿ ನಮ್ಮ ಹೊಲವಿದ್ದ ಕಡೆಯೆಲ್ಲ ಅಪಾರ್ಟ್‌ಮೆಂಟು ಎದ್ದು, ಊರಿನಲ್ಲಿ ನನ್ನ ಗುರುತಿನವರು ಬೆರಳೆಣಿಕೆಯಷ್ಟು ಉಳಿದಿದ್ದರು. ಆಗಲೇ ವಂಶವೃಕ್ಷ ಮಾಡುವ ಆ ವೆಬ್‌ಸೈಟು ನನ್ನ ಕಣ್ಣಿಗೆ ಬಿದ್ದದ್ದು. ಹೆಸರು ತುಂಬಿದರೆ ಚೌಕ ಮೂಡುತ್ತದೆ, ಚೌಕದಿಂದ ಚೌಕಕ್ಕೆ ಗೆರೆ ತಾನೇ ಓಡುತ್ತದೆ. ನನ್ನಂಥವನಿಗೆ ಇನ್ನೇನು ಬೇಕು? ತಿಂಗಳೊಳಗೆ ಮುತ್ತಜ್ಜನ ತನಕ ಇಳಿಸಿಬಿಟ್ಟೆ. ಉಳಿದದ್ದು ಒಂದೇ ಕವಲು. ನಮ್ಮಪ್ಪನ ಕೊನೆಯ ತಮ್ಮ ಪಿಳ್ಳಪ್ಪ. 'ದಂಡಿನ ಕಡೆ, ಕಂಟೋನ್ಮೆಂಟಿಗೆ ಹೋದ, ಮತ್ತೆ ಬರಲಿಲ್ಲ' ಎಂದಷ್ಟೇ ಮನೆಯಲ್ಲಿ ಮಾತು. ಅದಕ್ಕಿಂತ ಹೆಚ್ಚು ಕೇಳಿದರೆ ಅಪ್ಪ ಎದ್ದು ಹೊರಗೆ ಹೋಗುತ್ತಿದ್ದರು. ಅವನ ಹೆಸರಿನ ಕೆಳಗೆ ಒಂದು ಗೆರೆ ಇಳಿದು, ಏನನ್ನೂ ಮುಟ್ಟದೆ ನಿಂತಿತ್ತು.

ಅಷ್ಟರಲ್ಲಿ ಲತಾಳ ಸಂದೇಶ ಬಂತು. 'ನಮ್ಮ ತಾಯಿ ಸರೋಜಾ, ಮರ್ಫಿ ಟೌನಿನವರು. ಅಜ್ಜಿ ಕನಕಮ್ಮ. ತಾತನ ಹೆಸರು ಪಿಳ್ಳಪ್ಪ, ಪೂರ್ವದ ಕಡೆ ಯಾವುದೋ ಹಳ್ಳಿಯವರಂತೆ, ದಂಡಿನಲ್ಲಿ ಬೇಕರಿ ಕೆಲಸದಲ್ಲಿದ್ದರಂತೆ, ಅಮ್ಮ ಮಗುವಾಗಿದ್ದಾಗಲೇ ಬಿಟ್ಟುಹೋದರಂತೆ. ನಿಮ್ಮ ಪಿಳ್ಳಪ್ಪ ಅವರೇ ಇರಬಹುದೇ?'

ಕೃಷ್ಣರಾಜಪುರದಿಂದ ಆಚೆಗೆ ಯಾವ ಊರಿಗೆ ಹೋಗಿ ಪಿಳ್ಳಪ್ಪಾ ಎಂದು ಕೂಗಿದರೂ ನಾಲ್ಕು ಜನ ತಿರುಗಿ ನೋಡುತ್ತಾರೆ. ಅದು ನನಗೆ ಗೊತ್ತಿಲ್ಲದ್ದಲ್ಲ. ಆದರೂ ಮರುದಿನವೇ ಮರ್ಫಿ ಟೌನಿರುವ ಹಲಸೂರಿಗೆ ಬಸ್ಸು ಹತ್ತಿದೆ.

ನಿಮಗೆ ನೆನಪಿದೆಯಲ್ಲ, ಅಕ್ಕ? ನೀವು ಬಾಗಿಲಲ್ಲೇ ನಿಂತಿದ್ದಿರಿ, ಕೊರಳಲ್ಲಿ ಹೊಲಿಗೆಯ ದಾರದ ಎಳೆ ಇನ್ನೂ ನೇತಾಡುತ್ತಿತ್ತು. ಗೋಡೆಯ ಮೇಲೆ ನಿಮ್ಮಮ್ಮನ ಫೋಟೋ — ಸ್ಟುಡಿಯೋದ ಬಣ್ಣದ ಪರದೆಯ ಮುಂದೆ ಕುರ್ಚಿಯಲ್ಲಿ ಕೂತ ಕನಕಮ್ಮ, ಮಡಿಲಲ್ಲಿ ಉಣ್ಣೆಯ ಟೋಪಿ ಹಾಕಿದ ನೀವು, ಒಂದು ಕಾಲಿಗೆ ಮಾತ್ರ ಕಾಲುಚೀಲ. ಇನ್ನೊಂದು ಎಲ್ಲಿ ಎಂದು ನಾನು ಕೇಳಿದ್ದಕ್ಕೆ ನೀವು ನಕ್ಕಿರಿ. ಒಂದಷ್ಟು ಹೊತ್ತು ಅದೂ ಇದೂ ಮಾತಾಡಿದ ಮೇಲೆ ನೀವು ಕೇಳಿದ ಪ್ರಶ್ನೆ ಒಂದೇ.

"ಹಂಗಾದ್ರೆ ತಮ್ಮಾ, ನಂಗೂ ಒಂದು ಮನೆದೇವ್ರು ಐತಾ?"

ಮದುವೆಗೆ ಹೋದರೆ, ಆಸ್ಪತ್ರೆಯ ಸಾಲಿನಲ್ಲಿ ನಿಂತರೆ, ಬಾಡಿಗೆ ಮನೆ ಕೇಳಿಕೊಂಡು ಹೋದರೆ — ಎಲ್ಲ ಕಡೆ ಕೊನೆಗೆ ಅದೇ ಪ್ರಶ್ನೆ ಬರುತ್ತಿತ್ತಂತೆ, ನಿಮ್ಮ ತವರಿನ ಮನೆದೇವರು ಯಾವುದಮ್ಮಾ. ಅಪ್ಪನ ಕಡೆಯಿಂದ ಬರುವ ದೇವರು, ಅಪ್ಪನೇ ಇಲ್ಲದಿದ್ದರೆ ಎಲ್ಲಿಂದ ತರುವುದು? ಎಪ್ಪತ್ತು ವರ್ಷ ಒಂದೊಂದು ಕಡೆ ಒಂದೊಂದು ದೇವರ ಹೆಸರು ಹೇಳಿ ತಪ್ಪಿಸಿಕೊಂಡೆ ಎಂದಿರಿ. ಇದೆ ಅಕ್ಕಾ, ಮಾಘದಲ್ಲಿ ಪೂಜೆ, ನಾನೇ ಕರೆದುಕೊಂಡು ಹೋಗುತ್ತೇನೆ ಎಂದುಬಿಟ್ಟೆ. ನೀವು ನನ್ನ ಕೈ ಹಿಡಿದುಕೊಂಡು ಬಹಳ ಹೊತ್ತು ಬಿಡಲಿಲ್ಲ.

ಇಲ್ಲಿಯವರೆಗೆ ಅದು ತಪ್ಪು ತಿಳಿವಳಿಕೆ, ಅಷ್ಟೇ. ಸುಳ್ಳು ಇನ್ನೂ ಹುಟ್ಟಿರಲಿಲ್ಲ.

ಆಮೇಲೆ ಹೆಳವ ಬಂದ. ನಿಮಗೆ ಹೆಳವರೆಂದರೆ ಯಾರೆಂದು ನಾನೇ ಹೇಳಿಕೊಟ್ಟಿದ್ದೆ. ನಮ್ಮಂಥ ಮನೆತನಗಳ ಪೀಳಿಗೆಗಳನ್ನು ಹೊತ್ತಿಗೆಯಲ್ಲಿ ಬರೆದಿಟ್ಟುಕೊಂಡು, ಕೆಲವು ವರ್ಷಕ್ಕೊಮ್ಮೆ ಬಂದು, ಅಂಗಳದಲ್ಲಿ ಕೂತು ಹಾಡಿ ಹೇಳುವವರು. ಹಿಂದೆ ಎತ್ತಿನ ಮೇಲೆ ಬರುತ್ತಿದ್ದರು, ಈಗ ವ್ಯಾನಿನಲ್ಲಿ. ಹುಟ್ಟಿದವರನ್ನು ಬರೆದುಕೊಳ್ಳುತ್ತಾರೆ, ಸತ್ತವರಿಗೆ ಗುರುತು ಹಾಕುತ್ತಾರೆ. ನಮ್ಮಲ್ಲಿ ಆಧಾರ್ ಕಾರ್ಡನ್ನು ಅನುಮಾನಿಸುವವರಿದ್ದಾರೆ, ಹೆಳವನ ಮಾತನ್ನು ಅನುಮಾನಿಸುವವರಿಲ್ಲ.

ನಾನೇ ಆತುರದಲ್ಲಿ ಕೇಳಿದೆ, ಪಿಳ್ಳಪ್ಪನ ಕವಲು ಹೇಳಪ್ಪ ಎಂದು. ಮುದುಕ ಹಾಳೆ ತಿರುವಿ, ಬೆರಳಿಟ್ಟು, ರಾಗ ಬಿಟ್ಟು ಮಾತಿನಲ್ಲೇ ಹೇಳಿದ.

"ಪಿಳ್ಳಪ್ಪ ದಂಡಿಗೆ ಹೋದ. ಹತ್ತೊಂಬತ್ತಕ್ಕೇ ಜ್ವರ ಬಂದು ಅಲ್ಲೇ ಹೋದ. ಗಾಡೀಲಿ ತಂದು ಹೊಲದ ಬದೀಲಿ ಮಣ್ಣು ಮಾಡಿದ್ರು. ಮದುವೆ ಇಲ್ಲ, ಮಕ್ಕಳಿಲ್ಲ. ಅಲ್ಲಿಗೆ ನಿಂತೋಯ್ತು ಸ್ವಾಮಿ."

"ಇನ್ನೊಂದ್ಸಲ ನೋಡಪ್ಪ," ಎಂದೆ.

"ಎಷ್ಟು ಸಲ ನೋಡಿದ್ರೂ ಬರ್ದಿರೋದು ಇದೇ."

ಹತ್ತೊಂಬತ್ತು ವರ್ಷದ ಹುಡುಗ. ನಮ್ಮಪ್ಪ ಯಾಕೆ ಎದ್ದು ಹೊರಗೆ ಹೋಗುತ್ತಿದ್ದರೆಂದು ಆವತ್ತು ಅರ್ಥವಾಯಿತು. ಆದರೆ ನನಗೆ ಅಪ್ಪನ ದುಃಖಕ್ಕಿಂತ ಮೊದಲು ನೆನಪಾದದ್ದು ಮಾಘದ ಪೂಜೆ. ಮುದುಕನಿಗೆ ಶಾಲು ಹೊದಿಸಿ, ಅಕ್ಕಿ ಬೇಳೆ ಕೊಟ್ಟು ಕಳಿಸಿದೆ. ಅಂಗಳದಲ್ಲಿ ನನ್ನ ಹೊರತು ಬೇರೆ ಯಾರೂ ಇರಲಿಲ್ಲ. ನಿಮಗೆ ಫೋನ್ ಮಾಡಬೇಕೆಂದು ತೆಗೆದೆ, ಇಟ್ಟೆ. ನಾಳೆ ಎಂದುಕೊಂಡೆ. ನಾಳೆ ಎಂದುಕೊಂಡೇ ಮಾಘ ಬಂತು.

ಪೂಜೆಗೆ ನೀವು ಹಸಿರು ರೇಷ್ಮೆ ಸೀರೆ ಉಟ್ಟು, ಬೆಳಿಗ್ಗೆ ಆರಕ್ಕೇ ತಯಾರಾಗಿ ಕೂತಿದ್ದಿರಿ. ಗುಡಿಯಲ್ಲಿ ನಮ್ಮವರು ಎಪ್ಪತ್ತು ಎಂಬತ್ತು ಜನ. ಮಹದೇವಪುರದ ಕೃಷ್ಣಪ್ಪ — ನನ್ನ ದೊಡ್ಡಪ್ಪನ ಮಗ, ಗಂಟಲು ದೊಡ್ಡದು — ಎಲ್ಲರ ಎದುರಿಗೇ ಕೇಳಿದ.

"ಏನ್ ನಾರಾಯಣಸ್ವಾಮಿ, ಯಾರಪ್ಪಾ ಇವ್ರು? ಮರ್ಫಿ ಟೌನಿಂದ ಕರ್ಕೊಂಡ್ಬಂದು ನಮ್ಮೋರು ಅಂತೀಯ, ಯಾವ ಜನಾನೋ ಏನೋ. ಸಾಕ್ಷಿ ಏನೈತೆ?"

ನೀವು ತಲೆ ತಗ್ಗಿಸಿದಿರಿ. ಹಣ್ಣುಕಾಯಿ ತಟ್ಟೆಯನ್ನು ಸೆರಗಿನ ಮರೆಗೆ ಎಳೆದುಕೊಂಡಿರಿ. ಆಗ ನಾನು —

"ಹೆಳವಣ್ಣನೇ ಹೇಳಿದಾನೆ ಕಣಪ್ಪ. ಹೊತ್ತಿಗೆಯಲ್ಲಿ ಐತೆ," ಎಂದೆ.

ಅಷ್ಟೇ. ಕೃಷ್ಣಪ್ಪನ ಬಾಯಿ ಮುಚ್ಚಿತು. ಅವನ ಹೆಂಡತಿಯೇ ಬಂದು ನಿಮಗೆ ಅರಿಶಿನ ಕುಂಕುಮ ಕೊಟ್ಟು, ಊಟಕ್ಕೆ ತನ್ನ ಪಕ್ಕದಲ್ಲಿ ಕೂರಿಸಿಕೊಂಡಳು. ನೀವು ಊಟ ಮಾಡುತ್ತ ನಡುನಡುವೆ ಕಣ್ಣೊರೆಸಿಕೊಳ್ಳುತ್ತಿದ್ದಿರಿ. ನಾನು ಅದನ್ನು ನೋಡಿ — ಹೇಳಿಬಿಡುತ್ತೇನೆ — ಹೆಮ್ಮೆಪಟ್ಟೆ. ಏನೋ ದೊಡ್ಡ ಪುಣ್ಯ ಕಟ್ಟಿಕೊಂಡವನ ಹಾಗೆ ಎರಡು ಸಲ ಪಾಯಸ ಹಾಕಿಸಿಕೊಂಡೆ.

ಅಲ್ಲಿಗೆ ನಿಲ್ಲಿಸಬಹುದಿತ್ತು. ಬಾಯಿಮಾತು ಹೇಗೋ ಮರೆತುಹೋಗುತ್ತಿತ್ತು. ಆದರೆ ಮನೆಗೆ ಬಂದು ಕಂಪ್ಯೂಟರ್ ತೆರೆದರೆ ಪಿಳ್ಳಪ್ಪನ ಕೆಳಗಿನ ಗೆರೆ ಕಾದು ನಿಂತಿತ್ತು. ಅದಕ್ಕೆ ನಿಮ್ಮ ಹೆಸರು ಸೇರಿಸಿದೆ, ಕನಕಮ್ಮನವರದನ್ನೂ ಸೇರಿಸಿದೆ. 'ಆಧಾರ' ಎಂಬ ಜಾಗದಲ್ಲಿ 'ಹೆಳವರ ಹೊತ್ತಿಗೆ' ಎಂದು ಬರೆದು, ಮುದುಕನ ಹೆಸರನ್ನೂ ಊರನ್ನೂ ಹಾಕಿದೆ. ನಕ್ಷೆ ಪೂರ್ತಿಯಾಯಿತು. ಅದನ್ನು ಎಲ್ಲರಿಗೂ ಕಾಣುವಂತೆ ಬಿಟ್ಟು, ಮನೆಯವರ ವಾಟ್ಸಾಪ್ ಗುಂಪಿಗೂ ಹಾಕಿದೆ. ಕೈ ಮುಗಿಯುವ ಚಿತ್ರಗಳು ಸಾಲಾಗಿ ಬಂದವು.

ಆಧಾರ ಎಂಬ ಒಂದು ಸಾಲಿಗೆ ಎಷ್ಟು ಶಕ್ತಿಯಿದೆಯೆಂದು ನನಗೆ ಗೊತ್ತಿರಲಿಲ್ಲ. ನನ್ನ ವೃಕ್ಷದಿಂದ ನಮ್ಮ ಹುಡುಗರು, ಸೊಸೆಯಂದಿರ ತವರಿನವರು, ಮುಖ ನೋಡದ ಯಾರೋ ಇಬ್ಬರು, ತಮ್ಮ ತಮ್ಮ ವೃಕ್ಷಗಳಿಗೆ ಆ ಕವಲನ್ನು ಹಾಗೇ ಎತ್ತಿ ಅಂಟಿಸಿಕೊಂಡರು. ಅವರಲ್ಲಿ ಒಬ್ಬರೂ ನನ್ನನ್ನು ಏನೂ ಕೇಳಲಿಲ್ಲ. ಕೃಷ್ಣಪ್ಪನಂತೂ ಗೃಹಪ್ರವೇಶಕ್ಕೆ ಆಳೆತ್ತರದ ಫ್ಲೆಕ್ಸ್ ಮಾಡಿಸಿ, ವಂಶವೃಕ್ಷ ಛಾಪಿಸಿ ಬಾಗಿಲ ಪಕ್ಕ ಕಟ್ಟಿದ. ನೀವು ಅದರ ಮುಂದೆ ನಿಂತು ಫೋಟೋ ತೆಗೆಸಿಕೊಂಡಿರಿ.

ಈಗ ಬರೆಯಬೇಕಾದದ್ದು... ಸ್ವಲ್ಪ ತಾಳಿ ಅಕ್ಕ. ನೀರು ಕುಡಿದು ಬಂದೆ.

ಪೂಜೆಯಾಗಿ ಒಂದು ವರ್ಷದ ಮೇಲೆ ಅದೇ ವೆಬ್‌ಸೈಟಿನಲ್ಲಿ ನನಗೊಂದು ಸಂದೇಶ ಬಂತು. ಬರೆದವಳು ವಿಜಯ, ಮಾಲೂರಿನ ಕಡೆಯವಳು, ಅರವತ್ತರ ಹೆಂಗಸು. 'ಅಣ್ಣ, ನಮಸ್ಕಾರ. ನಮ್ಮ ತಂದೆ ಪಿಳ್ಳಪ್ಪ ಚಿಕ್ಕ ವಯಸ್ಸಿನಲ್ಲಿ ದಂಡಿನ ಬೇಕರಿಯಲ್ಲಿದ್ದರು. ಅಲ್ಲಿ ಕನಕಮ್ಮ ಎಂಬುವರನ್ನು ಮದುವೆಯಾಗಿ ಒಂದು ಹೆಣ್ಣುಮಗು ಆಗಿತ್ತಂತೆ, ಸರೋಜಾ ಅಂತ. ಊರಿಗೆ ಬಂದಾಗ ಹಿರಿಯರು ಹಿಡಿದು ಕೂರಿಸಿ ನಮ್ಮ ಅಮ್ಮನ ಜೊತೆ ಮದುವೆ ಮಾಡಿದರು. ಅಪ್ಪ ಹಿಂದಕ್ಕೆ ಹೋಗಲಿಲ್ಲ. ಹೋಗದೆ ಇದ್ದುದಕ್ಕೆ ಸಾಯುವ ತನಕ ಕೊರಗಿದರು. ಅಕ್ಕನನ್ನು ಹುಡುಕು ಅಂತ ನನಗೆ ಹೇಳಿ ಹೋದರು. ನಿಮ್ಮ ವೃಕ್ಷದಲ್ಲಿ ಇರುವ ಸರೋಜಾ ಅವರೇ ಇರಬಹುದಾ? ಅಪ್ಪನ ಪೆಟ್ಟಿಗೆಯಲ್ಲಿ ಇದೊಂದು ಫೋಟೋ ಇತ್ತು.'

ಫೋಟೋ ತೆರೆದೆ. ಬಣ್ಣದ ಪರದೆ, ಕುರ್ಚಿ, ಕನಕಮ್ಮ. ಉಣ್ಣೆಯ ಟೋಪಿ. ಒಂದೇ ಕಾಲುಚೀಲ.

ಅನುಮಾನಕ್ಕೆ ಎಳ್ಳಷ್ಟೂ ಜಾಗವಿರಲಿಲ್ಲ ಅಕ್ಕ. ನಿಮ್ಮ ಗೋಡೆಯ ಮೇಲಿರುವುದೇ ಅದು. ನಾನು ತಪ್ಪು ತಿಳಿದೆ ಎಂದು ಹೇಳಿಕೊಳ್ಳುವ ದಾರಿ ಅಲ್ಲಿಗೆ ಮುಚ್ಚಿಹೋಯಿತು. ಎರಡು ದಿನ ಸುಮ್ಮನಿದ್ದೆ. ನಿಮಗೆ ಹೇಳಿದರೆ ಪೂಜೆಯಲ್ಲಿ ಸಿಕ್ಕ ಜಾಗ ಹೋಗುತ್ತದೆ, ನೀವು ನೊಂದುಕೊಳ್ಳುತ್ತೀರಿ — ಹೀಗೆಲ್ಲ ನಿಮ್ಮ ಹೆಸರು ಹೇಳಿಕೊಂಡು ನನಗೆ ನಾನೇ ಸಮಾಧಾನ ಮಾಡಿಕೊಂಡೆ. ಅದು ನಿಜವಲ್ಲ. ನನ್ನ ಕಣ್ಣ ಮುಂದಿದ್ದದ್ದು ಕೃಷ್ಣಪ್ಪನ ಮುಖ. ಹೆಳವನ ಹೆಸರಿನಲ್ಲಿ ಸುಳ್ಳು ಹೇಳಿದವನು ಎಂದು ಇಡೀ ಕುಲ ನನ್ನನ್ನು ನೋಡಿ ನಗುವುದು. ಮೂರನೆಯ ದಿನ ಉತ್ತರ ಬರೆದೆ.

'ಇಲ್ಲ ತಾಯಿ, ಅವರು ನಮ್ಮ ಸರೋಜಕ್ಕ. ನಮ್ಮ ಚಿಕ್ಕಪ್ಪನ ಮಗಳು. ಹೆಳವರ ಹೊತ್ತಿಗೆಯ ಆಧಾರವಿದೆ. ನೀವು ಹುಡುಕುತ್ತಿರುವವರು ಬೇರೆ.'

ಅವಳು ಹತ್ತೇ ನಿಮಿಷದಲ್ಲಿ ಬರೆದಳು. 'ಕ್ಷಮಿಸಿ ಅಣ್ಣ, ತೊಂದರೆ ಕೊಟ್ಟೆ. ಹೆಳವರೇ ಹೇಳಿದ ಮೇಲೆ ಇನ್ನೇನು. ನಿಮ್ಮ ಅಕ್ಕನಿಗೆ ನನ್ನ ನಮಸ್ಕಾರ ತಿಳಿಸಿ.'

ನಾನು ತಿಳಿಸಲಿಲ್ಲ. ಮೂರು ವರ್ಷ ತಡವಾಗಿ ಇವತ್ತು ತಿಳಿಸುತ್ತಿದ್ದೇನೆ.

ಆ 'ಕ್ಷಮಿಸಿ ಅಣ್ಣ' ನನ್ನನ್ನು ಬಿಡಲಿಲ್ಲ. ಊಟಕ್ಕೆ ಕೂತರೂ ಅದೇ, ಬಸ್ಸಿನಲ್ಲಿ ಕೂತರೂ ಅದೇ. ಕೊನೆಗೆ ಒಂದು ಬೆಳಿಗ್ಗೆ ನನ್ನ ವೃಕ್ಷದಿಂದ ನಿಮ್ಮ ಹೆಸರು ಅಳಿಸಿದೆ. ಬೇರೆಯವರಲ್ಲೆಲ್ಲ ಹಾಗೇ ಇತ್ತು. ಒಬ್ಬೊಬ್ಬರಿಗೂ ಬರೆದೆ — ದಯವಿಟ್ಟು ತೆಗೆಯಿರಿ, ಅದು ತಪ್ಪು. ಸಂಬಂಧಿಕರ ಹುಡುಗನೊಬ್ಬ ಫೋನ್ ಮಾಡಿದ. "ಅಂಕಲ್, ಹೆಳವನ ಪ್ರೂಫ್ ಇರೋದನ್ನ ಯಾಕ್ ತೆಗೀಬೇಕು? ಆಸ್ತಿ ವಿಷ್ಯದಲ್ಲಿ ಏನಾದ್ರೂ ಆಯ್ತಾ?" ಎಂದ. ಮುಖ ನೋಡದ ಇಬ್ಬರಿಂದ ಉತ್ತರವೇ ಇಲ್ಲ. ವೆಬ್‌ಸೈಟಿನವರಿಗೆ ಬರೆದರೆ, ಇತರರ ವೃಕ್ಷ ಇತರರ ಸ್ವತ್ತು, ನಾವು ಕೈ ಹಾಕುವುದಿಲ್ಲ ಎಂದರು. ವಾರ ಕಳೆಯುವಷ್ಟರಲ್ಲಿ ನನ್ನ ಪರದೆಯ ಮೇಲೇ ಒಂದು ಸೂಚನೆ ಬಂತು. ನಿಮ್ಮ ವೃಕ್ಷದಲ್ಲಿ ಒಬ್ಬರು ಬಿಟ್ಟುಹೋಗಿದ್ದಾರೆ, ಸರೋಜಾ, ಪಿಳ್ಳಪ್ಪನ ಮಗಳು, ಐದು ವೃಕ್ಷಗಳಲ್ಲಿ ದಾಖಲೆಯಿದೆ, ಸೇರಿಸಬೇಕೇ? ನಾನು ಹೇಳಿದ ಸುಳ್ಳನ್ನು ನನಗೇ ಸಾಕ್ಷಿಸಮೇತ ಒಪ್ಪಿಸುತ್ತಿತ್ತು.

ವಿಜಯಳಿಗೂ ಬರೆದೆ. ನಿಜ ಬರೆಯಲಿಲ್ಲ, 'ಒಮ್ಮೆ ಮಾತಾಡಬೇಕು ತಾಯಿ' ಎಂದಷ್ಟೇ. ತಿಂಗಳಾದ ಮೇಲೆ ಉತ್ತರ ಬಂತು, ಅವಳದಲ್ಲ, ಅವಳ ಮಗಳದು. 'ಅಮ್ಮ ಹೋಗಿಬಿಟ್ಟರು ಸರ್, ಯುಗಾದಿ ಕಳೆದ ಮೇಲೆ. ಏನು ವಿಷಯ?' ಕೆಳಗೆ ತನ್ನ ಫೋನ್ ನಂಬರನ್ನೂ ಹಾಕಿದ್ದಳು.

ಏನು ವಿಷಯ ಎಂದು ಬರೆಯಲು ನನಗೆ ಕೈ ಬರಲಿಲ್ಲ. ಆ ಹುಡುಗಿಯ ಪ್ರಶ್ನೆ ಹಾಗೇ ಉಳಿದಿದೆ.

ಆಗಲಾದರೂ ನಿಮಗೆ ಹೇಳಬೇಕಿತ್ತು. ಪ್ರತಿ ಸಲ ಮರ್ಫಿ ಟೌನಿಗೆ ಹೊರಟಾಗಲೂ ಇವತ್ತು ಹೇಳುತ್ತೇನೆ ಎಂದೇ ಹೊರಡುತ್ತಿದ್ದೆ. ನೀವು ಮನೆದೇವರ ಫೋಟೋಗೆ ಹೂವು ಏರಿಸುತ್ತಿರುತ್ತಿದ್ದಿರಿ. ಬೀದಿಯವರಿಗೆಲ್ಲ ನನ್ನನ್ನು ತೋರಿಸಿ, "ನಮ್ ದೊಡ್ಡಪ್ಪನ್ ಮಗ, ಹೊರಮಾವಿಂದ ಬಂದಿದ್ದಾನೆ" ಎನ್ನುತ್ತಿದ್ದಿರಿ. ನಾನು ಬಿಸ್ಕತ್ತು ತಿಂದು ಎದ್ದುಬರುತ್ತಿದ್ದೆ.

ಹೋದ ತಿಂಗಳು ಹೆಳವರು ಮತ್ತೆ ಬಂದರಲ್ಲ, ನೀವೂ ನಮ್ಮ ಮನೆಯಲ್ಲಿದ್ದಿರಿ. ಮುದುಕ ತೀರಿಕೊಂಡಿದ್ದ, ಬಂದದ್ದು ಅವನ ಮಗ, ನಲವತ್ತು ದಾಟಿದವನು. ಅವನು ಹೊತ್ತಿಗೆ ಬಿಚ್ಚಿದಾಗ ನನ್ನ ಎದೆ ಹಗುರವಾಯಿತು. ಹೇಡಿತನ ನೋಡಿ — ನನ್ನ ಬಾಯಲ್ಲಿ ಬರದ ನಿಜ ಅವನ ಬಾಯಲ್ಲಿ ಬರಲಿ, ಎಲ್ಲ ಇಲ್ಲಿಗೆ ಮುಗಿಯಲಿ ಎಂದುಕೊಂಡೆ. ಪಿಳ್ಳಪ್ಪನ ಕವಲಿಗೆ ಬಂದ. ರಾಗ ಎಳೆದು ಹಾಡಿದ — 'ಪಿಳ್ಳಪ್ಪನ ಮಡದಿ ಕನಕಮ್ಮ, ಕನಕಮ್ಮನ ಮಗಳು ಸರೋಜಮ್ಮ...'

ನೀವು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಿರಿ. ಅವನ ಕಾಲಿಗೆ ಬೀಳಲು ಹೋದಿರಿ.

ವ್ಯಾನಿನ ಹತ್ತಿರ ಹೋಗಿ ಕೇಳಿದೆ, ನಿಮ್ಮಪ್ಪ ಹೀಗೆ ಬರೆದಿರಲಿಲ್ಲವಲ್ಲಪ್ಪ ಎಂದು.

"ಹೌದು ಸ್ವಾಮಿ, ಅಪ್ಪ ಬೇರೆ ಬರ್ದಿದ್ದ. ನಿಮ್ಮೋರು ಹುಡುಗ್ರು ಫೋನಲ್ಲಿ ತೋರ್ಸಿದ್ರು, ನಮ್ಮಪ್ಪನ ಹೆಸ್ರೇ ಆಧಾರ ಅಂತ ಹಾಕಿತ್ತು. ಅಪ್ಪನೇ ಹೇಳ್ಬಿಟ್ಟು ಪುಸ್ತಕದಲ್ಲಿ ತಿದ್ದೋದು ಮರ್ತಿರ್ಬೇಕು, ವಯಸ್ಸಾಗಿತ್ತಲ್ವಾ. ಅದಕ್ಕೆ ಹಳೇದನ್ನ ಹೊಡೆದಾಕಿ ನಾನೇ ಸರಿ ಮಾಡ್ದೆ."

ಅವನ ಮುಖದಲ್ಲಿ ಅಪ್ಪನ ತಪ್ಪನ್ನು ತಿದ್ದಿದ ಸಂಕೋಚವಿತ್ತು. ಸತ್ತ ಮುದುಕ ಮರೆಗುಳಿಯಾದ, ಹತ್ತೊಂಬತ್ತು ವರ್ಷಕ್ಕೆ ಜ್ವರದಲ್ಲಿ ಹೋದ ನಮ್ಮ ಚಿಕ್ಕಪ್ಪ ಹೆಂಡತಿ ಮಗುವನ್ನು ಬಿಟ್ಟು ಓಡಿದವನಾದ. ನಮ್ಮಪ್ಪನನ್ನು ಎಬ್ಬಿಸಿ ಹೊರಗೆ ಕಳಿಸುತ್ತಿದ್ದ ಆ ಸಾವನ್ನು ಬರೆದಿಟ್ಟಿದ್ದ ಒಂದೇ ಒಂದು ಸಾಲಿನ ಮೇಲೂ ಗೀಟು ಬಿದ್ದಿದೆ. ನಾನು ಆ ಹೆಳವನಿಗೂ ಏನೂ ಹೇಳಲಿಲ್ಲ. ಹೇಳಿದ್ದರೂ ನಂಬುತ್ತಿದ್ದನೋ ಇಲ್ಲವೋ. ಇನ್ನು ನನ್ನ ಮಾತಿಗಿಂತ ನನ್ನ ಸುಳ್ಳಿಗೇ ಆಧಾರ ಹೆಚ್ಚು.

ಈ ಭಾನುವಾರ ಬರುತ್ತೇನೆ. ಓದಿ ಮುಗಿಸಿದ ಮೇಲೆ ನೀವು ಏಳು ಎಂದರೆ ಎದ್ದುಹೋಗುತ್ತೇನೆ. ವಿಜಯಳ ಮಗಳ ನಂಬರನ್ನು ಬೇರೆ ಚೀಟಿಯಲ್ಲಿ ಬರೆದು ಲತಾಳ ಕೈಗೆ ಕೊಡುತ್ತೇನೆ. ಆ ಹುಡುಗಿಗೂ, ಹೆಳವನಿಗೂ, ಮಾಘದಲ್ಲಿ ಕೃಷ್ಣಪ್ಪನ ಎದುರಿಗೂ ಇದೇ ಮಾತು ಹೇಳುತ್ತೇನೆ. ಇದರಿಂದ ಯಾವುದೂ ಸರಿಹೋಗುವುದಿಲ್ಲ ಎಂದು ನನಗೆ ಗೊತ್ತು. ಕ್ಷಮಿಸಿ ಎಂದು ಕೇಳುವುದಿಲ್ಲ. ಆ ಮಾತನ್ನು ಒಬ್ಬಳು ತಪ್ಪಿಲ್ಲದೆ ನನಗೆ ಹೇಳಿ ಹೋಗಿದ್ದಾಳೆ.

ವಿಜಯಳ ಸಂದೇಶದಲ್ಲಿದ್ದ ಒಂದು ಸಾಲನ್ನು ಮೇಲೆ ಬರೆಯಲಿಲ್ಲ, ಅಕ್ಕ. ಬರೆಯಲು ಆಗಲಿಲ್ಲ. ಅವರ ಮನೆದೇವರ ಪೂಜೆಯ ದಿನ ನಿಮ್ಮಪ್ಪ ಪ್ರತಿ ವರ್ಷವೂ ಊಟದ ಸಾಲಿನಲ್ಲಿ ಒಂದು ಎಲೆ ಹೆಚ್ಚಿಗೆ ಹಾಕಿಸುತ್ತಿದ್ದರಂತೆ. ಯಾರಿಗೆ ಎಂದು ಕೇಳಿದರೆ 'ನನ್ನ ದೊಡ್ಡ ಮಗಳಿಗೆ' ಎನ್ನುತ್ತಿದ್ದರಂತೆ. ಅವರು ಹೋದ ಮೇಲೆ ವಿಜಯ ಆ ಎಲೆ ಹಾಕುತ್ತಿದ್ದಳಂತೆ.

ಅದನ್ನು ಓದಿದ ಮೇಲೆಯೇ ನಾನು ಇಲ್ಲ ಎಂದು ಬರೆದದ್ದು.